ವಸಂತ ಕಾಲದ ರಜೆಯೂ ಮುರಿದುಬಿದ್ದ ಏರ್ಪಾಡುಗಳೂ

ಪರದೇಶಗಳಲ್ಲಿ ವ್ಯಾಸಂಗ ಮಾಡುವ ನಮ್ಮ ಹೆಣ್ಣುಮಕ್ಕಳು ವಸಂತ ಕಾಲದ ರಜೆಯಲ್ಲಿ ಎಲ್ಲಿಗೆ ಹೋಗುತ್ತಾರೆ, ಹೇಗೆ ಹೋಗುತ್ತಾರೆ, ಹೋಗಬೇಕೆಂದಿದ್ದುದು ನಡೆಯದೆಹೋದರೆ ಅವರ ಗತಿಯೇನು ಎಂಬ ವಿಷಯವಾಗಿ ಕೆಲವು ಮಾತುಗಳನ್ನು ಬರೆದುಕೊಡಬೇಕೆಂದು ಈ ಸಂಚಿಕೆಯ ಸಂಪಾದಕಿಯವರು ನನ್ನನ್ನು ಕೇಳಿಕೊಂಡಿರುತ್ತಾರೆ. ನಾನು ಪರದೇಶವನ್ನು ಕಂಡವಳಲ್ಲ. ಈ ಶಾಲೆಯಲ್ಲಿ ಹತ್ತನೆಯ ತರಗತಿಯನ್ನು ಮುಗಿಸಿ, ಕಾಲೇಜು ಓದಿ, ರಾಜಾಜಿನಗರದ ತೌರಿನಿಂದ ಬಸವೇಶ್ವರನಗರದ ಅತ್ತೆಮನೆಗೆ ಬಂದುದೇ ನನ್ನ ಜೀವಮಾನದ ದೊಡ್ಡ ಪ್ರಯಾಣವೆಂದು ನಮ್ಮ ಮನೆಯವರು ಹಾಸ್ಯ ಮಾಡುವುದುಂಟು. ಆದರೆ ೨೦೨೦ನೆಯ ಇಸವಿಯ ಮಾರ್ಚ್ ತಿಂಗಳಿನಲ್ಲಿ ನನ್ನ ಹಿರಿಯ ಮಗಳು ಇಂಗ್ಲೆಂಡಿನಲ್ಲಿದ್ದಳು. ಅವಳ ರಜೆಯ ಏರ್ಪಾಡುಗಳೆಲ್ಲವೂ ಹದಿನೈದು ದಿನಗಳೊಳಗೆ ಒಂದೊಂದಾಗಿ ಮುರಿದುಬಿದ್ದವು. ಆ ದಿನಗಳಲ್ಲಿ ನಾನು ಕೇಳಿ ತಿಳಿದುದನ್ನೂ ಕಷ್ಟಪಟ್ಟು ಕಲಿತುದನ್ನೂ ಇತರ ತಾಯಂದಿರಿಗೆ ತಿಳಿಸಿದರೆ ತಪ್ಪಾಗಲಾರದೆಂದು ಭಾವಿಸಿ ಈ ಕೆಲಸಕ್ಕೆ ಕೈಹಾಕಿದ್ದೇನೆ.

ಮೊದಲು ಈ ರಜೆಯೆಂದರೆ ಏನೆಂಬುದನ್ನು ಹೇಳಬೇಕು. ನಮ್ಮಲ್ಲಿ ವರುಷದ ಪಾಠಗಳು ಮುಗಿದು ಪರೀಕ್ಷೆಗಳಾದ ಬಳಿಕ ಏಪ್ರಿಲ್, ಮೇ ತಿಂಗಳುಗಳಲ್ಲಿ ಬೇಸಗೆಯ ರಜೆಯೂ, ನಡುವೆ ದಸರೆಯ ರಜೆಯೂ ಬರುತ್ತವೆ. ಪಶ್ಚಿಮ ದೇಶಗಳಲ್ಲಿ ಹಾಗಲ್ಲ. ಅಲ್ಲಿ ವಿದ್ಯಾವರ್ಷವು ಮಳೆಗಾಲ ಕಳೆಯುವ ಹೊತ್ತಿಗೆ ಆರಂಭವಾಗಿ ಮರುವರ್ಷದ ಬೇಸಗೆಯವರೆಗೆ ನಡೆಯುವುದರಿಂದ ವಸಂತದ ರಜೆಯು ಪಾಠಗಳ ನಡುವೆಯೇ ಬೀಳುತ್ತದೆ. ಅಮೆರಿಕೆಯಲ್ಲಿ ಜನವರಿಯಲ್ಲಿ ಮೊದಲಾದ ಸೆಮಿಸ್ಟರಿನ ಮಧ್ಯಭಾಗದಲ್ಲಿ, ಸಾಮಾನ್ಯವಾಗಿ ಮಾರ್ಚ್ ತಿಂಗಳಲ್ಲಿ, ಒಂದು ವಾರದ ಬಿಡುವು ಕೊಡುತ್ತಾರೆ. ಸ್ಪ್ರಿಂಗ್ ಬ್ರೇಕ್ ಎನ್ನುವುದು ಇದನ್ನೇ. ಇಂಗ್ಲೆಂಡಿನ ವಿಶ್ವವಿದ್ಯಾನಿಲಯಗಳಲ್ಲಿ ಅದು ಈಸ್ಟರ್ ಹಬ್ಬವನ್ನು ಅನುಸರಿಸಿ ಮೂರು ನಾಲ್ಕು ವಾರಗಳ ದೀರ್ಘವಾದ ರಜೆಯಾಗಿರುತ್ತದೆ. ಜರ್ಮನಿಯಲ್ಲಿ ಚಳಿಗಾಲದ ಸೆಮಿಸ್ಟರಿನ ಪಾಠಗಳು ಫೆಬ್ರವರಿಯಲ್ಲಿ ಮುಗಿದು ಬೇಸಗೆಯ ಸೆಮಿಸ್ಟರಿನ ಪಾಠಗಳು ಏಪ್ರಿಲಿನಲ್ಲಿ ಆರಂಭವಾಗುವ ತನಕ ಬಿಡುವಿದ್ದರೂ, ಆ ಅವಧಿಯಲ್ಲಿ ಪರೀಕ್ಷೆಗಳೂ ಬರಹದ ಕೆಲಸಗಳೂ ಇರುವುದರಿಂದ ಅದನ್ನು ಪೂರ್ಣವಾದ ರಜೆಯೆನ್ನಲಾಗದು.

ಈಸ್ಟರ್ ಹಬ್ಬವು ಪ್ರತಿ ವರ್ಷವೂ ಒಂದೇ ತಾರೀಖಿಗೆ ಬಾರದೆಂಬುದು ನಮ್ಮ ಶಾಲೆಯಲ್ಲಿ ಓದಿದವರಿಗೆಲ್ಲಾ ಗೊತ್ತಿರುವ ಸಂಗತಿ. ಮಾರ್ಚ್ ೨೧ರಂದು ಅಥವಾ ಅದರ ತರುವಾಯ ಬರುವ, ಸಭೆಯ ಲೆಕ್ಕದ ಹುಣ್ಣಿಮೆಯಾದ ಮೇಲಿನ ಭಾನುವಾರವೇ ಈಸ್ಟರ್. ಆದಕಾರಣ ಅದು ಮಾರ್ಚ್ ೨೨ಕ್ಕಿಂತ ಮುಂಚೆ ಬರಲಾರದು, ಏಪ್ರಿಲ್ ೨೫ನ್ನು ದಾಟಲಾರದು. ೨೦೨೦ರಲ್ಲಿ ಅದು ಏಪ್ರಿಲ್ ೧೨ಕ್ಕೆ ಬಿದ್ದಿತ್ತು. ಅದೇ ವರ್ಷ ಯುಗಾದಿಯು ಮಾರ್ಚ್ ೨೫ಕ್ಕೆ ಬಂದಿತ್ತು. ನಮ್ಮ ಅತ್ತೆಯವರು ಎರಡು ಹಬ್ಬಗಳನ್ನೂ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟಿದ್ದರು, ಯಾಕಂದರೆ ಮೊಮ್ಮಗಳು ಒಂದಕ್ಕೆ ಬಾರದಿದ್ದರೂ ಇನ್ನೊಂದಕ್ಕೆ ಬರುವವಳಾಗಿದ್ದಳು.

ರಜೆಗೆಂದು ಮನೆಗೆ ಬಂದುಹೋಗುವುದು ಹಿಂದಿನವರಿಗೆ ಕನಸಿನಲ್ಲಿಯೂ ಇಲ್ಲದ ಮಾತು. ೧೯೨೨ರಲ್ಲಿ ಹುಟ್ಟಿದ ರಾಜೇಶ್ವರಿ ಚಟರ್ಜಿಯವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತಶಾಸ್ತ್ರವನ್ನು ಓದಿ, ೧೯೪೩ರಲ್ಲಿ ಇಲ್ಲಿನ ಭಾರತೀಯ ವಿಜ್ಞಾನ ಮಂದಿರವನ್ನು ಸೇರಿ, ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ಅಮೆರಿಕೆಯ ಮಿಚಿಗನ್ ವಿಶ್ವವಿದ್ಯಾನಿಲಯಕ್ಕೆ ಹೊರಟವರು. ಅವರು ೧೯೪೭ರ ಜುಲೈಯಲ್ಲಿ, ಸ್ವಾತಂತ್ರ್ಯಕ್ಕೆ ಕೆಲವೇ ದಿನಗಳಿರುವಾಗ, ಸಿಪಾಯಿಗಳನ್ನು ಸಾಗಿಸುತ್ತಿದ್ದ 'ಮೆರೀನ್ ಆಡರ್' ಎಂಬ ಹಡಗನ್ನು ಪ್ರಯಾಣಿಕರ ಹಡಗಾಗಿ ಮಾರ್ಪಡಿಸಿದ್ದರಲ್ಲಿ ಹತ್ತಿ, ೩೦ ದಿನಗಳಾದ ಮೇಲೆ ಆ ದೇಶವನ್ನು ಮುಟ್ಟಿದರು. ಹೋಗುವುದಕ್ಕೇ ಒಂದು ತಿಂಗಳು ಬೇಕಾದಾಗ ಒಂದು ವಾರದ ರಜೆಯನ್ನು ಏನೆಂದು ಹೇಳುವುದು? ೧೯೫೩ರಲ್ಲಿ ಡಾಕ್ಟರೇಟನ್ನು ಪಡೆದು ಅವರು ಹಿಂದಿರುಗಿ, ವಿಜ್ಞಾನ ಮಂದಿರದಲ್ಲಿಯೇ ಅಧ್ಯಾಪಕಿಯಾದರು. ನಮ್ಮ ಮಕ್ಕಳಿಗೋ ಬೆಂಗಳೂರಿನಿಂದ ಲಂಡನ್ನಿಗೆ ಹತ್ತು ಹನ್ನೊಂದು ಗಂಟೆಗಳ ದಾರಿ. ದೂರವು ಹೀಗೆ ಕಡಿಮೆಯಾದುದರಿಂದಲೇ ನಾವು, ಬೇಕಾದಾಗ ಬರಬಹುದು, ಬೇಕಾದಾಗ ಹೋಗಬಹುದು ಎಂಬ ಭಾವನೆಯನ್ನು ಬೆಳೆಸಿಕೊಂಡೆವು.

ಇನ್ನು ರಜೆಯ ತಿರುಗಾಟದ ವಿಷಯ. ಹುಡುಗಿಯರು ಹಣವನ್ನು ಪೋಲುಮಾಡಲು ಊರೂರು ಅಲೆಯುತ್ತಾರೆಂದು ಹಿರಿಯರಲ್ಲಿ ಕೆಲವರು ತಿಳಿದಿರುವುದುಂಟು. ನಾನೂ ಹಾಗೆಯೇ ತಿಳಿದಿದ್ದೆನು. ಆದರೆ ಪರದೇಶದಲ್ಲಿ ರಜೆ ಬಂದೊಡನೆ ನಿಲಯದ ಊಟದ ಮನೆಯು ಮುಚ್ಚುವುದುಂಟು, ಆ ದೇಶದ ಹುಡುಗಿಯರೆಲ್ಲರೂ ತಂತಮ್ಮ ಮನೆಗಳಿಗೆ ಹೋಗಿಬಿಡುವುದುಂಟು. ಖಾಲಿಯಾದ ಕಟ್ಟಡದಲ್ಲಿ ಒಬ್ಬಳೇ ಕೂತಿರುವುದಕ್ಕಿಂತ ಇಬ್ಬರು ಮೂವರು ಕೂಡಿ ಅಗ್ಗದ ರೈಲಿನಲ್ಲಿಯೋ ಬಸ್ಸಿನಲ್ಲಿಯೋ ಹೋಗಿ, ಪುಸ್ತಕದಲ್ಲಿ ಓದಿದ ಊರುಗಳನ್ನು ಕಣ್ಣಾರೆ ನೋಡಿ ಬರುವುದರಲ್ಲಿ ತಪ್ಪೇನೂ ನನಗೆ ಈಗ ಕಾಣುವುದಿಲ್ಲ.

ಯುರೋಪಿನಲ್ಲಿ ಹೀಗೆ ತಿರುಗಾಡುವುದಕ್ಕೆ ಷೆಂಗೆನ್ ಎಂಬ ಏರ್ಪಾಡು ಅನುಕೂಲವಾಗಿದೆ. ೨೦೨೦ರಲ್ಲಿ ೨೬ ದೇಶಗಳು ಇದರಲ್ಲಿ ಸೇರಿದ್ದವು; ಈಗ ೨೯ ಸೇರಿವೆ. ಇವುಗಳಲ್ಲಿ ಒಂದು ದೇಶದ ಅನುಮತಿಯಿದ್ದರೆ ಉಳಿದವುಗಳಿಗೂ ಹೋಗಬಹುದು. ಜರ್ಮನಿಯಲ್ಲಿಯೋ ಫ್ರಾನ್ಸಿನಲ್ಲಿಯೋ ಓದುತ್ತಿದ್ದು ಅಲ್ಲಿನ ವಾಸದ ಪತ್ರವುಳ್ಳವಳು ೧೮೦ ದಿನಗಳಲ್ಲಿ ೯೦ ದಿನಗಳ ಮಿತಿಗೆ ಒಳಪಟ್ಟು ಇತರ ದೇಶಗಳಲ್ಲಿ ಸಂಚರಿಸಬಹುದು. ಇಂಗ್ಲೆಂಡು ಮಾತ್ರ ಎಂದೂ ಈ ಕೂಟದಲ್ಲಿ ಸೇರಿದ್ದಿಲ್ಲ. ಅಲ್ಲಿ ಓದುವ ನಮ್ಮ ಹುಡುಗಿಯು ಪ್ಯಾರಿಸನ್ನು ನೋಡಬೇಕಾದರೆ ಬೇರೆ ವೀಸಾವನ್ನೇ ಪಡೆಯಬೇಕು. ೩೦,೦೦೦ ಯೂರೋಗಳಿಗೆ ಕಡಿಮೆಯಿಲ್ಲದ ವೈದ್ಯಕೀಯ ವಿಮೆಯನ್ನು ತೋರಿಸಬೇಕು. ಎಲ್ಲಿ ಉಳಿಯುವಳು, ಯಾವಾಗ ಹಿಂದಿರುಗುವಳು ಎಂಬುದಕ್ಕೂ ಕಾಗದಗಳನ್ನು ಒದಗಿಸಬೇಕು. ಆದಕಾರಣ ಹೋಗುವುದಕ್ಕೆ ಎರಡು ತಿಂಗಳು ಮುಂಚೆಯೇ ಎಲ್ಲವೂ ಗೊತ್ತಾಗಿ, ಎಷ್ಟೋ ಹಣವು ಸಂದಾಯವಾಗಿ ಹೋಗಿರುತ್ತದೆ. ಅಮೆರಿಕೆಯಲ್ಲಿ ಓದುವವರ ತೊಂದರೆ ಬೇರೆ ವಿಧವಾದುದು. ಅವರು ಆ ದೇಶದಿಂದ ಹೊರಗೆ ಹೋದರೆ ತಿರುಗಿ ಒಳಗೆ ಬರುವುದಕ್ಕೆ ವೀಸಾ ಜೀವಂತವಾಗಿರಬೇಕು. ಐ-೨೦ ಎಂಬ ಪತ್ರದ ಮೇಲೆ ವಿಶ್ವವಿದ್ಯಾನಿಲಯದವರ ಪ್ರಯಾಣದ ರುಜುವೂ ಇರಬೇಕು. ರುಜು ಹಳೆಯದಾದುದನ್ನು ನೋಡಿಕೊಳ್ಳದೆ ರಜೆಗೆ ಹೋಗಿ ಗಡಿಯಲ್ಲಿ ಕಣ್ಣೀರಿಟ್ಟವರ ಕಥೆಗಳನ್ನು ವಿಜಯನಗರದ ನನ್ನ ಗೆಳತಿಯರಿಂದ ಕೇಳಿದ್ದೇನೆ.

ನನ್ನ ಮಗಳು ಉತ್ತರ ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ಒಂದು ವರ್ಷದ ಎಂ.ಎಸ್‌ಸಿ. ಓದುತ್ತಿದ್ದಳು. ಪರದೇಶದ ವಿದ್ಯಾರ್ಥಿಗಳು ಪಾಠದ ದಿನಗಳಲ್ಲಿ ವಾರಕ್ಕೆ ೨೦ ಗಂಟೆಗಳವರೆಗೆ ಕೆಲಸ ಮಾಡಲು ಅಲ್ಲಿ ಅನುಮತಿಯಿದ್ದುದರಿಂದ, ಅವಳು ಶನಿವಾರ ಭಾನುವಾರಗಳಲ್ಲಿ ಒಂದು ಅಂಗಡಿಯಲ್ಲಿ ದುಡಿದು ರಜೆಗೆಂದು ಹಣ ಕೂಡಿಟ್ಟಿದ್ದಳು. ಕೇರಳದವಳೊಬ್ಬಳು, ಕೀನ್ಯಾ ದೇಶದವಳೊಬ್ಬಳು, ಇವಳು, ಹೀಗೆ ಮೂವರು. ಮಾರ್ಚ್ ೨೮ಕ್ಕೆ ಹೊರಟು, ಕಡಲ ಕೆಳಗಿನ ಸುರಂಗದ ರೈಲಿನಲ್ಲಿ ಪ್ಯಾರಿಸಿಗೆ, ಅಲ್ಲಿಂದ ಸ್ವಿಟ್ಜರ್ಲೆಂಡಿನ ಲೂಸರ್ನಿಗೆ, ಅಲ್ಲಿಂದ ಮಿಲಾನಿಗೆ, ಕೊನೆಗೆ ಫ್ಲಾರೆನ್ಸಿಗೆ ಹೋಗಿ, ಏಪ್ರಿಲ್ ೭ಕ್ಕೆ ಹಿಂದಿರುಗುವುದೆಂದು ಗೊತ್ತುಮಾಡಿದ್ದರು. ಅದಾದ ಎರಡನೆಯ ದಿನ ಇವಳು ಬೆಂಗಳೂರಿಗೆ ಹೊರಡತಕ್ಕವಳು. ನಮ್ಮ ಅತ್ತೆಯವರಿಗೆ ಆ ಏಪ್ರಿಲಿನಲ್ಲಿ ಎಂಬತ್ತು ವರ್ಷ ತುಂಬುವುದಿತ್ತು. ಅಜ್ಜಿಗೂ ಮೊಮ್ಮಗಳಿಗೂ ಇದ್ದ ಅನ್ಯೋನ್ಯತೆಯನ್ನು ಇಲ್ಲಿ ವರ್ಣಿಸುವುದು ಬೇಡ. ಲಂಡನ್ನಿನಲ್ಲಿ ಥೇಮ್ಸ್ ನದಿಯ ದಡದ ಮೇಲೆ, ಲ್ಯಾಂಬೆತ್ ಎಂಬಲ್ಲಿ, ೨೦೧೫ನೆಯ ನವೆಂಬರಿನಲ್ಲಿ ಸ್ಥಾಪಿತವಾದ ಬಸವೇಶ್ವರರ ಪ್ರತಿಮೆಯ ಮುಂದೆ ನಿಂತು ಚಿತ್ರ ತೆಗೆಸಿಕೊಂಡು, 'ಅಜ್ಜೀ, ಇಲ್ಲಿಯೂ ನಮ್ಮ ಬಡಾವಣೆಯವರೇ ಇದ್ದಾರೆ' ಎಂದು ಬರೆದು ಕಳುಹಿಸಿದ್ದಳು. ಅತ್ತೆಯವರು ಅದನ್ನು ಹಾಲಿನವನಿಗೂ ತೋರಿಸಿದ್ದರು.

ಇಟಲಿಯ ಲೊಂಬಾರ್ಡಿ ಪ್ರಾಂತದ ಕೊದೊನ್ಯೊ ಎಂಬ ಸಣ್ಣ ಪಟ್ಟಣದಲ್ಲಿ ಫೆಬ್ರವರಿ ೨೧ರಂದು ಕೊರೊನಾ ರೋಗವು ಕಾಣಿಸಿಕೊಂಡ ಸುದ್ದಿಯನ್ನು ನಾವು ಪತ್ರಿಕೆಯ ಒಳಪುಟದಲ್ಲಿ ಓದಿ ಮರೆತೆವು. ಮಾರ್ಚ್ ೮ರಂದು ಆ ಪ್ರಾಂತವನ್ನೆಲ್ಲಾ ಮುಚ್ಚಿದರು. ಮರುದಿನ ರಾತ್ರಿ ಇಡೀ ದೇಶವನ್ನೇ ಮುಚ್ಚುವುದಾಗಿ ಅಲ್ಲಿನ ಪ್ರಧಾನಮಂತ್ರಿಗಳು ಸಾರಿದರು. ಹೀಗೆ ಮಿಲಾನೂ ಫ್ಲಾರೆನ್ಸೂ ಹೋದವು. ಮಾರ್ಚ್ ೧೧ರಂದು ವಿಶ್ವ ಆರೋಗ್ಯ ಸಂಸ್ಥೆಯವರು ಇದು ಜಗತ್ತಿಗೇ ಹರಡಿದ ಮಹಾಮಾರಿಯೆಂದು ಘೋಷಿಸಿದರು. ಅಮೆರಿಕೆಯಲ್ಲಿ ಅದರ ಹಿಂದಿನ ದಿನವೇ ಹಾರ್ವರ್ಡ್ ವಿಶ್ವವಿದ್ಯಾನಿಲಯದವರು, ವಸಂತದ ರಜೆಯಾದ ಮೇಲೆ ಹಿಂದಿರುಗಬಾರದೆಂದೂ ೧೫ನೆಯ ತಾರೀಖಿನೊಳಗೆ ನಿಲಯದ ಕೊಠಡಿಗಳನ್ನು ಬಿಡಬೇಕೆಂದೂ ಕಾಲೇಜಿನ ವಿದ್ಯಾರ್ಥಿಗಳಿಗೆ ತಿಳಿಸಿದ್ದರು. ರಜೆಗೆಂದು ಒಂದು ಕೈಚೀಲವನ್ನು ಸಿದ್ಧಮಾಡಿಕೊಂಡಿದ್ದವರು ವರ್ಷದ ಸಾಮಾನನ್ನೆಲ್ಲಾ ಐದು ದಿನಗಳಲ್ಲಿ ಕಟ್ಟಬೇಕಾಯಿತು. ಮಾರ್ಚ್ ೧೭ರಂದು ಫ್ರಾನ್ಸಿನವರು ಜನರನ್ನು ಮನೆಗಳಲ್ಲಿಯೇ ಇರಿಸಿದರು. ಅದೇ ದಿನ ಯುರೋಪಿನ ಒಕ್ಕೂಟದವರು ಹೊರಗಿನ ಪ್ರಯಾಣಿಕರಿಗೆ ೩೦ ದಿನಗಳ ಕಾಲ ಗಡಿಗಳನ್ನು ಮುಚ್ಚಲು ಒಪ್ಪಿದರು. ಪ್ಯಾರಿಸೂ ಲೂಸರ್ನೂ ಹೋದವು.

ಊರು ನೋಡುವುದು ತಪ್ಪಿದುದಕ್ಕೆ ಮಗಳು ಅಷ್ಟಾಗಿ ದುಃಖಿಸಲಿಲ್ಲ. ನಿಜವಾದ ಕಷ್ಟವು ಮನೆಗೆ ಬರುವ ವಿಷಯದಲ್ಲಿ ಒದಗಿತು. ಅದರಲ್ಲಿ ನನ್ನ ತಪ್ಪೇ ಹೆಚ್ಚಿನದಾಗಿರುವುದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮಾರ್ಚ್ ೧೩, ಶುಕ್ರವಾರ. ಮುಂದಿನ ವಾರದಿಂದ ಪಾಠಗಳನ್ನು ಕಂಪ್ಯೂಟರಿನ ಮೂಲಕವೇ ನಡೆಸುವರೆಂದು ಅವಳಿಗೆ ತಿಳಿದುಬಂದಿತು. ನಮ್ಮ ಯಜಮಾನರು, 'ಅವಳನ್ನು ಇವತ್ತೇ ಹೊರಡಿಸೋಣ' ಎಂದರು. ನಾನು ಕೂತು ಲೆಕ್ಕ ಹಾಕಿದೆನು. ೧೫ನೆಯ ತಾರೀಖಿನ ಟಿಕೆಟ್ಟಿಗೂ ೧೯ನೆಯ ತಾರೀಖಿನ ಟಿಕೆಟ್ಟಿಗೂ ಹದಿನೆಂಟು ಸಾವಿರ ರೂಪಾಯಿಗಳ ಅಂತರವಿತ್ತು. ಅಲ್ಲದೆ ೧೮ರಂದು ಅವಳು ಒಂದು ಪ್ರಬಂಧವನ್ನು ಒಪ್ಪಿಸಬೇಕಾಗಿದ್ದಿತು. ನಾಲ್ಕು ದಿನಗಳಲ್ಲಿ ಏನು ಮುಳುಗಿಹೋಗುವುದು ಎಂದು ನಾನು ವಾದಿಸಿ ೧೯ನ್ನೇ ಗೊತ್ತುಮಾಡಿಸಿದೆನು. ಸೋಮವಾರ, ೧೬ನೆಯ ತಾರೀಖಿನಂದು, ಭಾರತ ಸರ್ಕಾರದವರ ಆಜ್ಞೆಯು ಪ್ರಕಟವಾಯಿತು: ಯುರೋಪಿನ ಒಕ್ಕೂಟದ ದೇಶಗಳಿಂದಲೂ ಇಂಗ್ಲೆಂಡಿನಿಂದಲೂ ಟರ್ಕಿಯಿಂದಲೂ ಭಾರತಕ್ಕೆ ಬರುವ ಪ್ರಯಾಣಿಕರನ್ನು ಮಾರ್ಚ್ ೧೮ರ ಲಂಡನ್ನಿನ ಮಧ್ಯಾಹ್ನ ೧೨ ಗಂಟೆಯ ಮೇಲೆ, ಎಂದರೆ ನಮ್ಮ ಸಾಯಂಕಾಲ ಐದೂವರೆಯ ಮೇಲೆ, ಯಾವ ವಿಮಾನದವರೂ ಹತ್ತಿಸಿಕೊಳ್ಳತಕ್ಕದ್ದಲ್ಲ. ನಮ್ಮ ದೇಶದ ಪ್ರಜೆಗಳಿಗೂ ಇದು ಅನ್ವಯಿಸಿತು. ಅವಳು ಆ ರಾತ್ರಿಯೆಲ್ಲಾ ಕೂತು ೧೭ನೆಯ ತಾರೀಖಿಗೆ ಬದಲಾಯಿಸಲು ಪ್ರಯತ್ನಪಟ್ಟಳು, ಸ್ಥಳ ಸಿಕ್ಕಲಿಲ್ಲ. ಟಿಕೆಟ್ಟು ಒಂದು ದಿನದಿಂದ ವ್ಯರ್ಥವಾಯಿತು.

ಆಮೇಲೆ ನಡೆದುದು ಎಲ್ಲರೂ ಬಲ್ಲ ಕಥೆ. ೨೨ರಂದು ಜನತಾ ಕರ್ಫ್ಯೂ. ಅಂದಿನಿಂದಲೇ ಪರದೇಶದ ವಿಮಾನಗಳೆಲ್ಲವೂ ನಿಂತವು. ೨೩ರ ರಾತ್ರಿ ಇಂಗ್ಲೆಂಡಿನವರು ಜನರನ್ನು ಮನೆಯಲ್ಲಿರಿಸಿದರು. ೨೫ರಂದು, ಯುಗಾದಿಯ ದಿನವೇ, ನಮ್ಮ ದೇಶದಲ್ಲಿ ಇಪ್ಪತ್ತೊಂದು ದಿನಗಳ ಲಾಕ್‌ಡೌನು ಆರಂಭವಾಯಿತು. ಹಾವನೂರು ಸರ್ಕಲ್ಲಿನಲ್ಲಿ ಹಗಲು ಹನ್ನೆರಡು ಗಂಟೆಗೆ ಹಕ್ಕಿಗಳ ಸದ್ದನ್ನು ಕೇಳಿದ್ದು ನನಗೆ ಅದೇ ಮೊದಲು. ಕಿರಿಯ ಮಗಳು ಆಗ ಹತ್ತನೆಯ ತರಗತಿಯಲ್ಲಿದ್ದಳು. ೨೭ರಂದು ಆರಂಭವಾಗಬೇಕಾಗಿದ್ದ ಎಸ್‌.ಎಸ್‌.ಎಲ್‌.ಸಿ. ಪರೀಕ್ಷೆಯನ್ನು ಮುಂದಕ್ಕೆ ಹಾಕಿದರು. ಅದು ಜೂನ್ ೨೫ಕ್ಕೆ ಆರಂಭವಾಯಿತು. ಒಂದು ಮನೆಯಲ್ಲಿ ಇಬ್ಬರು ಹುಡುಗಿಯರ ಏರ್ಪಾಡುಗಳು ಒಂದೇ ವಾರದಲ್ಲಿ ಕೆಟ್ಟವು, ಆದರೆ ಚಿಕ್ಕವಳು ಕಣ್ಣೆದುರಿಗಿದ್ದಳು.

ಲೀಡ್ಸಿನಲ್ಲಿ ಆರು ಕೋಣೆಗಳ ಮನೆಯಲ್ಲಿ ನಾಲ್ವರು ಹೊರಟುಹೋದರು. ಉಳಿದವರು ಇವಳೂ ಕೀನ್ಯಾ ದೇಶದವಳೂ. ಅಲ್ಲಿನ ಸರ್ಕಾರದವರು ಅವಧಿ ಮುಗಿಯುತ್ತಿದ್ದ ವೀಸಾಗಳನ್ನು ಮೇ ಕೊನೆಯವರೆಗೆ ಬೆಳೆಸಿಕೊಟ್ಟರು. ಅವಳ ವೀಸಾಕ್ಕೆ ಇನ್ನೂ ಕಾಲವಿದ್ದುದರಿಂದ ಆ ಚಿಂತೆ ನಮಗಿರಲಿಲ್ಲ. ಊಟದ ಚಿಂತೆಯಿತ್ತು. ಆ ಊರಿನಲ್ಲಿ ನೆಲೆಸಿದ ಒಂದು ಕನ್ನಡ ಕುಟುಂಬದವರು ಪ್ರತಿ ಶನಿವಾರ ಬಾಗಿಲ ಹೊರಗೆ ಅಕ್ಕಿ, ಬೇಳೆ, ಒಮ್ಮೊಮ್ಮೆ ಒಂದು ಡಬ್ಬಿ ಹುಳಿಯನ್ನವನ್ನೂ ಇಟ್ಟು, ಗಂಟೆ ಒತ್ತಿ, ಹತ್ತು ಹೆಜ್ಜೆ ಹಿಂದೆ ಸರಿದು ನಿಂತು ಮಾತನಾಡಿಸಿ ಹೋಗುತ್ತಿದ್ದರಂತೆ. ಅವರ ಮುಖವನ್ನು ನಾನು ನೋಡಿಲ್ಲ. ಅವರ ಋಣವನ್ನು ತೀರಿಸುವ ದಾರಿಯೂ ತಿಳಿಯದು.

ಅಮೆರಿಕೆಯಲ್ಲಿದ್ದವರಿಗೆ ಇನ್ನೊಂದು ಬಗೆಯ ಭಯವಿತ್ತು. ಪರದೇಶದ ವಿದ್ಯಾರ್ಥಿಗಳು ಮುಖಾಮುಖಿಯಾದ ಪಾಠಗಳನ್ನೇ ಮುಖ್ಯವಾಗಿ ಓದಬೇಕೆಂಬುದು ಅಲ್ಲಿನ ನಿಯಮ. ಮಾರ್ಚಿನಲ್ಲಿ ಅದನ್ನು ಸಡಿಲಿಸಿದ್ದ ಸರ್ಕಾರದವರು ಜುಲೈ ೬ರಂದು, ಪೂರ್ತಿ ಕಂಪ್ಯೂಟರಿನ ಮೂಲಕವೇ ಪಾಠವಾಗುವ ಕಡೆಗಳಲ್ಲಿ ಓದುವವರು ದೇಶವನ್ನು ಬಿಡಬೇಕಾಗುವುದೆಂದು ಸೂಚಿಸಿದರು. ಹಾರ್ವರ್ಡ್ ಮತ್ತು ಎಂ.ಐ.ಟಿ. ಸಂಸ್ಥೆಗಳು ನ್ಯಾಯಾಲಯಕ್ಕೆ ಹೋದ ಮೇಲೆ ಜುಲೈ ೧೪ರಂದು ಆ ಸೂಚನೆಯನ್ನು ಹಿಂದಕ್ಕೆ ತೆಗೆದುಕೊಂಡರು. ಆ ಎಂಟು ದಿನಗಳು ಕೆಂಗೇರಿಯಲ್ಲಿರುವ ನಮ್ಮ ಓರಗಿತ್ತಿಯ ಮನೆಯಲ್ಲಿ ಒಲೆಯೇ ಸರಿಯಾಗಿ ಹೊತ್ತಲಿಲ್ಲವೆಂದು ಅವರು ಹೇಳುತ್ತಿರುತ್ತಾರೆ.

ನಮ್ಮ ಅತ್ತೆಯವರಿಗೆ ಮುಂಚಿನಿಂದಲೂ ಹೃದಯದ ತೊಂದರೆಯಿತ್ತು. ಏಪ್ರಿಲಿನಲ್ಲಿ ಎಂಬತ್ತು ತುಂಬಿದ ದಿನ ಮೊಮ್ಮಗಳೊಡನೆ ಫೋನಿನಲ್ಲಿ ಒಂದು ಗಂಟೆ ಮಾತನಾಡಿದರು. ಅವಳು ಬರುವ ತಾರೀಖನ್ನು ಕೇಳಿದರು. ನಾವು ಹೇಳಲು ತಾರೀಖು ಇರಲಿಲ್ಲ. ಮೇ ೨ರಂದು ಮುಂಜಾನೆ ಅವರು ತೀರಿಕೊಂಡರು. ಆಗಿನ ನಿಯಮದಂತೆ ಅಂತ್ಯಸಂಸ್ಕಾರಕ್ಕೆ ಇಪ್ಪತ್ತಕ್ಕಿಂತ ಹೆಚ್ಚು ಮಂದಿ ಸೇರುವಂತಿರಲಿಲ್ಲ. ಮೈಸೂರಿನಿಂದ ಅವರ ತಮ್ಮನವರಿಗೆ ಪಾಸು ಸಿಕ್ಕುವುದು ತಡವಾಯಿತು. ಇಲ್ಲಿ ಹತ್ತು ಗಂಟೆ ಆಗಿರುವಾಗ ಲೀಡ್ಸಿನಲ್ಲಿ ಮುಂಜಾನೆ ಐದೂವರೆ. ಕಿರಿಯವಳು ಫೋನನ್ನು ಎತ್ತಿ ಹಿಡಿದುಕೊಂಡಿದ್ದಳು. ಹಿರಿಯವಳು ಅದರಲ್ಲಿ ನೋಡಿದಳು.

ಅದಾದ ಐದನೆಯ ದಿನ, ಮೇ ೭ರಂದು, ಪರದೇಶಗಳಲ್ಲಿ ಸಿಕ್ಕಿಕೊಂಡವರನ್ನು ಕರೆತರುವ 'ವಂದೇ ಭಾರತ್' ಎಂಬ ಕಾರ್ಯವನ್ನು ಸರ್ಕಾರದವರು ಆರಂಭಿಸಿದರು. ಇದು ಹೇಗೆ ನಡೆಯಿತೆಂಬುದನ್ನು ತಿಳಿಸುವುದು ಉಪಯುಕ್ತ. ಬರಬಯಸುವವರು ಮೊದಲು ಆಯಾ ದೇಶದಲ್ಲಿರುವ ನಮ್ಮ ರಾಯಭಾರ ಕಚೇರಿಯಲ್ಲಿ, ಲಂಡನ್ನಿನಲ್ಲಿಯಾದರೆ ಹೈಕಮಿಷನ್ನಿನಲ್ಲಿ, ಹೆಸರನ್ನು ದಾಖಲು ಮಾಡಿಸಬೇಕಾಗಿತ್ತು. ಗರ್ಭಿಣಿಯರು, ವೃದ್ಧರು, ರೋಗಿಗಳು, ಮನೆಯಲ್ಲಿ ಸಾವಾದವರು, ನಿಲಯಗಳು ಮುಚ್ಚಿ ನೆಲೆತಪ್ಪಿದ ವಿದ್ಯಾರ್ಥಿಗಳು ಇವರನ್ನು ಮೊದಲು ಆರಿಸಿದರು. ಪ್ರಯಾಣದ ವೆಚ್ಚ ಪ್ರಯಾಣಿಕರದೇ. ಲಂಡನ್ನಿನಿಂದ ೫೦,೦೦೦ ರೂಪಾಯಿ, ಅಮೆರಿಕೆಯಿಂದ ಸುಮಾರು ಒಂದು ಲಕ್ಷವೆಂದು ಗೊತ್ತಾಗಿತ್ತು. ಲಂಡನ್ನಿನಿಂದ ಬೆಂಗಳೂರಿಗೆ ಮೊದಲನೆಯ ವಿಮಾನವು ಮೇ ೧೧ರ ಬೆಳಗಿನ ಜಾವ ಬಂದಿಳಿಯಿತು. ನನ್ನ ಮಗಳಿಗೆ ಅದರಲ್ಲಿ ಸ್ಥಳ ದೊರೆಯಲಿಲ್ಲ. ಅದೇ ತಿಂಗಳ ಮೂರನೆಯ ವಾರದ ವಿಮಾನದಲ್ಲಿ ದೊರೆಯಿತು. ಹದಿನೆಂಟು ಸಾವಿರ ರೂಪಾಯಿಗಳನ್ನು ಉಳಿಸಹೊರಟವಳು ನಾನು.

ಬಂದವರನ್ನು ನೇರವಾಗಿ ಮನೆಗೆ ಬಿಡುತ್ತಿರಲಿಲ್ಲ. ನಿಲ್ದಾಣದಲ್ಲಿ ಜ್ವರವನ್ನು ಪರೀಕ್ಷಿಸಿ, ಬಸ್ಸುಗಳಲ್ಲಿ ಕೂರಿಸಿ, ಸರ್ಕಾರದವರು ಗೊತ್ತುಮಾಡಿದ ಹೋಟೆಲುಗಳಿಗೆ ಕರೆದೊಯ್ದು, ಅಲ್ಲಿ ಕ್ವಾರಂಟೈನಿನಲ್ಲಿ ಇರಿಸುತ್ತಿದ್ದರು. ಹೋಟೆಲಿನ ಖರ್ಚೂ ನಮ್ಮದೇ. ಅವಳಿದ್ದ ಹೋಟೆಲು ಗಾಂಧಿನಗರದಲ್ಲಿತ್ತು. ಬಸವೇಶ್ವರನಗರದಿಂದ ಸ್ಕೂಟರಿನಲ್ಲಿ ಅಷ್ಟೇನೂ ದೂರವಲ್ಲ. ಬಟ್ಟೆಯನ್ನೂ ಚಟ್ನಿಪುಡಿಯ ಡಬ್ಬಿಯನ್ನೂ ಬಾಗಿಲ ಕಾವಲುಗಾರನ ಕೈಗೆ ಕೊಟ್ಟು, ರಸ್ತೆಯ ಆಚೆ ನಿಂತು ಮೇಲಕ್ಕೆ ನೋಡಿದೆವು. ನಾಲ್ಕನೆಯ ಅಂತಸ್ತಿನ ಕಿಟಕಿಯಲ್ಲಿ ಅವಳು ನಿಂತಿದ್ದಳು. ತೆಳ್ಳಗಾಗಿದ್ದಳೆಂದು ನಾನು, ಇಲ್ಲವೆಂದು ಅವರು. ಎಂಟು ತಿಂಗಳ ಮೇಲೆ ಮಗಳನ್ನು ಕಂಡುದು ಹೀಗೆ.

ಹಣದ ವಿಷಯವನ್ನು ಕುರಿತು ತಾಯಂದಿರು ನನ್ನನ್ನು ಹೆಚ್ಚಾಗಿ ಕೇಳುತ್ತಾರೆ. ಇಲ್ಲಿ ತಿಳಿದಿರಬೇಕಾದ ಮುಖ್ಯ ವಿಷಯವು, ಟಿಕೆಟ್ಟನ್ನು ನಾವಾಗಿಯೇ ರದ್ದು ಮಾಡುವುದಕ್ಕೂ ಕಂಪೆನಿಯವರು ವಿಮಾನವನ್ನೇ ರದ್ದು ಮಾಡುವುದಕ್ಕೂ ಇರುವ ಭೇದ. ಯುರೋಪಿನಿಂದ ಹೊರಡುವ ವಿಮಾನಗಳ ವಿಷಯದಲ್ಲಿ ೨೦೦೪ರ ಕಾನೂನೊಂದಿದೆ. ಇಂಗ್ಲೆಂಡಿನವರು ಒಕ್ಕೂಟವನ್ನು ಬಿಟ್ಟ ಮೇಲೂ ಅದನ್ನು ಇಟ್ಟುಕೊಂಡಿದ್ದಾರೆ. ವಿಮಾನವು ರದ್ದಾದರೆ ಪೂರ್ತಿ ಹಣವನ್ನು ಹಿಂದಕ್ಕೆ ಕೊಡಬೇಕು, ಇಲ್ಲವೆ ಬೇರೆ ದಾರಿಯಿಂದ ಕರೆದೊಯ್ಯಬೇಕು. ೨೦೨೦ರಲ್ಲಿ ಅನೇಕ ಕಂಪೆನಿಗಳು ಹಣಕ್ಕೆ ಬದಲಾಗಿ ಮುಂದಿನ ಪ್ರಯಾಣದ ಚೀಟಿಗಳನ್ನು ಕೊಡಲು ನೋಡಿದಾಗ, ಆಯ್ಕೆಯು ಪ್ರಯಾಣಿಕರದೆಂದು ಯುರೋಪಿನ ಆಯೋಗದವರು ಮಾರ್ಚ್ ೧೮ರಂದೇ ಸ್ಪಷ್ಟಪಡಿಸಿದರು. ಆದರೆ ಗಾಬರಿಯಿಂದ ಒಂದು ದಿನ ಮುಂಚೆ ತಾವೇ ರದ್ದು ಮಾಡಿದವರಿಗೆ ಈ ರಕ್ಷಣೆ ಇರಲಿಲ್ಲ. ನನ್ನ ಮಗಳು ಸುಮ್ಮನಿದ್ದುದರಿಂದ ಪ್ಯಾರಿಸಿನ ರೈಲಿನ ಹಣವೂ ಏಪ್ರಿಲಿನ ವಿಮಾನದ ಹಣವೂ ಬಂದವು. ಅವಳ ಕೇರಳದ ಗೆಳತಿಯು ಅವಸರಪಟ್ಟುದರಿಂದ ಅರ್ಧವನ್ನೂ ಕಾಣಲಿಲ್ಲ. ೧೯ನೆಯ ತಾರೀಖಿನ ಟಿಕೆಟ್ಟಿನ ಹಣಕ್ಕೆ ಐದು ತಿಂಗಳು ಪತ್ರವ್ಯವಹಾರ ಮಾಡಬೇಕಾಯಿತು. ವಿಮೆಯವರಿಂದ ಏನೂ ಬರಲಿಲ್ಲ. ಎಲ್ಲರಿಗೂ ತಿಳಿದುಹೋದ ಅಪಾಯಕ್ಕೆ ಆಮೇಲೆ ವಿಮೆ ಮಾಡಿಸಿದರೆ ಅದು ಅನ್ವಯಿಸುವುದಿಲ್ಲವೆಂಬ ಮಾತು ಅವರ ಪತ್ರದಲ್ಲಿಯೇ ಸಣ್ಣ ಅಕ್ಷರಗಳಲ್ಲಿ ಇರುತ್ತದೆ. ಓದಿಕೊಂಡು ರುಜು ಹಾಕಬೇಕು.

ವಸಂತದ ರಜೆಯು ಹೀಗೆ ಕೆಟ್ಟುದು ಇದೇ ಮೊದಲೆಂದೂ ತಿಳಿಯಬಾರದು. ೨೦೧೦ರಲ್ಲಿ ಐಸ್‌ಲೆಂಡ್ ದ್ವೀಪದ ಜ್ವಾಲಾಮುಖಿಯೊಂದು ಏಪ್ರಿಲ್ ೧೪ರಂದು ಬೂದಿಯನ್ನುಗುಳಿ, ಯುರೋಪಿನ ಆಕಾಶವು ಸುಮಾರು ಆರು ದಿನಗಳ ಕಾಲ ವಿಮಾನಗಳಿಗೆ ಮುಚ್ಚಿಹೋಗಿತ್ತು. ಈಸ್ಟರ್ ರಜೆಯನ್ನು ಕಳೆದು ಹಿಂದಿರುಗುವ ಸಮಯವದು. ಸುಮಾರು ಒಂದು ಲಕ್ಷ ವಿಮಾನಗಳು ಹೊರಡಲಿಲ್ಲ. ಅಂತಹ ಆಪತ್ತಿನಲ್ಲಿಯೂ ಸಿಕ್ಕಿಕೊಂಡವರ ಊಟ ವಸತಿಗಳನ್ನು ಕಂಪೆನಿಯವರೇ ನೋಡಿಕೊಳ್ಳಬೇಕೆಂದು ಯುರೋಪಿನ ನ್ಯಾಯಾಲಯವು ೨೦೧೩ರಲ್ಲಿ ತೀರ್ಪಿತ್ತಿತು.

ಇದಕ್ಕಿಂತ ಘೋರವಾದುದು ೨೦೨೨ರ ಉಕ್ರೇನಿನ ಸಂಗತಿ. ಅದು ರಜೆಯ ಮಾತಲ್ಲ. ಆದರೂ ಹೊರಡುವುದೇ ಇರುವುದೇ ಎಂಬ ಪ್ರಶ್ನೆ ಅದೇ. ನಮ್ಮ ರಾಯಭಾರ ಕಚೇರಿಯವರು ಫೆಬ್ರವರಿ ೧೫ರಂದು, ಇರಲೇಬೇಕಾದ ಅಗತ್ಯವಿಲ್ಲದ ವಿದ್ಯಾರ್ಥಿಗಳು ತತ್ಕಾಲಕ್ಕೆ ದೇಶವನ್ನು ಬಿಡಬಹುದೆಂದು ಸೂಚಿಸಿದರು. ಪಾಠಗಳು ತಪ್ಪಿಹೋಗುವುವೆಂದೂ ಟಿಕೆಟ್ಟಿನ ಬೆಲೆ ಏರಿದೆಯೆಂದೂ ಅನೇಕರು ತಡೆದರು. ೨೪ರಂದು ಯುದ್ಧವಾರಂಭವಾಗಿ ಆಕಾಶಮಾರ್ಗವು ಮುಚ್ಚಿಹೋಯಿತು. ಆಮೇಲೆ ಪೋಲೆಂಡ್, ರೊಮೇನಿಯಾ, ಹಂಗೆರಿ, ಸ್ಲೊವಾಕಿಯಾ ಗಡಿಗಳವರೆಗೆ ಚಳಿಯಲ್ಲಿ ನಡೆದವರನ್ನು 'ಆಪರೇಷನ್ ಗಂಗಾ' ಎಂಬ ಹೆಸರಿನಲ್ಲಿ ವಿಮಾನಗಳನ್ನು ಕಳುಹಿಸಿ ಕರೆತಂದರು. ಹಾವೇರಿ ಜಿಲ್ಲೆಯ ವೈದ್ಯವಿದ್ಯಾರ್ಥಿಯೊಬ್ಬನು ಮಾರ್ಚ್ ೧ರಂದು ಖಾರ್ಕಿವ್ ನಗರದಲ್ಲಿ ಷೆಲ್ ದಾಳಿಗೆ ಸಿಕ್ಕಿ ಮಡಿದನು. ಆ ಸುದ್ದಿಯನ್ನು ಓದಿದಾಗ, ಟಿಕೆಟ್ಟಿನ ಬೆಲೆಯನ್ನು ನೋಡಿ ತಡೆದ ತಾಯಂದಿರನ್ನು ಪತ್ರಿಕೆಗಳಲ್ಲಿ ಕೆಲವರು ಹಳಿದಿದ್ದರು. ನಾನು ಹಳಿಯಲಾರೆನು. ವಾಯಿದೆಯ ಸಾಲ ತೆಗೆದು ಮಕ್ಕಳನ್ನು ಓದಿಸುವವರಿಗೆ ಅದು ಸಣ್ಣ ಮೊತ್ತವಲ್ಲ. ಅಪಾಯವು ಬರುವ ದಿನವನ್ನು ಯಾರೂ ಮುಂಚೆ ಬರೆದಿಟ್ಟಿರುವುದಿಲ್ಲ.

ಪರದೇಶಕ್ಕೆ ಹೊರಟ ವಿದ್ಯಾರ್ಥಿಗಳು ವಿದೇಶಾಂಗ ಇಲಾಖೆಯ 'ಮದದ್' ಎಂಬ ಜಾಲತಾಣದಲ್ಲಿ ತಮ್ಮ ವಿಳಾಸವನ್ನು ದಾಖಲು ಮಾಡಿಸಬಹುದು. ಇದು ೨೦೧೫ರಿಂದ ಇದೆ. ನಮಗೆ ೨೦೨೦ರ ಏಪ್ರಿಲಿನವರೆಗೆ ತಿಳಿದೇ ಇರಲಿಲ್ಲ. ಪಾಸ್‌ಪೋರ್ಟು, ವೀಸಾ, ವಿಮೆಯ ಪತ್ರ ಇವುಗಳ ಪ್ರತಿಗಳು ಮನೆಯಲ್ಲಿಯೂ ಇರಲಿ. ಇನ್ನು, ಪರದೇಶಕ್ಕೆ ಮಕ್ಕಳನ್ನು ಕಳುಹಿಸುವುದೇ ತಪ್ಪಲ್ಲವೆ ಎಂದು ಕಳೆದ ವರ್ಷ ಹಳೆಯ ವಿದ್ಯಾರ್ಥಿನಿಯರ ಕೂಟದಲ್ಲಿ ಒಬ್ಬರು ನನ್ನನ್ನು ಕೇಳಿದರು. ನಮ್ಮ ಕಿರಿಯವಳು ಹೋಗುತ್ತೇನೆಂದರೆ ಕಳುಹಿಸುತ್ತೇನೆಂದು ಹೇಳಿದೆನು.

ಕಿರಿಯವಳ ಪರೀಕ್ಷೆಯ ಫಲಿತಾಂಶವು ಆ ವರ್ಷ ಆಗಸ್ಟ್ ೧೦ರಂದು ಹೊರಬಿದ್ದಿತು. ಟಿಕೆಟ್ಟಿನ ಹಣವೂ ಅದೇ ತಿಂಗಳು ಬಂದಿತು. ಹಿರಿಯವಳು ತನ್ನ ಪ್ರೌಢಪ್ರಬಂಧವನ್ನು ಅಜ್ಜಿಯ ಕೋಣೆಯಲ್ಲಿ ಕೂತು ಬರೆದು ಸೆಪ್ಟೆಂಬರಿನಲ್ಲಿ ಒಪ್ಪಿಸಿದಳು. ಕೀನ್ಯಾ ದೇಶದ ಗೆಳತಿಯು ಎರಡು ವರ್ಷಗಳ ಮೇಲೆ ಬೆಂಗಳೂರಿಗೆ ಬಂದು ನಮ್ಮಲ್ಲಿ ನಾಲ್ಕು ದಿನ ಇದ್ದು ಹೋದಳು. ಮುದ್ದೆಯನ್ನು ಅವರ ಉಗಾಲಿಯಂತೆಯೇ ಇದೆಯೆಂದು ಸಂತೋಷದಿಂದ ಉಂಡಳು. ಫ್ಲಾರೆನ್ಸನ್ನು ಅವರಿಬ್ಬರೂ ಇನ್ನೂ ನೋಡಿಲ್ಲ.